1420 ಮೆಗಾಹರ್ಟ್ಸ್ ಬಳಿ ಜಾರುವ ಗೆರೆ: ಅನ್ಯಗ್ರಹದ್ದೋ, ಇಲ್ಲಿಯದೋ?

ಪ್ರಶ್ನೆ (ಚಿಂತಾಮಣಿ): ಅನ್ಯಗ್ರಹದ ರೇಡಿಯೋ ಸಂಕೇತ ಹುಡುಕುತ್ತಿದ್ದೇನೆ. 1 ಮೀಟರ್ ಡಿಶ್, ಆರ್‌ಟಿಎಲ್ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ಪುಟ್ಟ ರೇಡಿಯೋ ರಿಸೀವರ್). ಮಧ್ಯಾಹ್ನ ಪರದೆಯ ಆವರ್ತನ-ಸಮಯ ಚಿತ್ರದಲ್ಲಿ ತೆಳು ಗೆರೆಯೊಂದು ಓರೆಯಾಗಿ ಜಾರುತ್ತದೆ. ಮೂಲ ಪತ್ತೆ ಹೇಗೆ?

ಗೌರಿಬಿದನೂರು: ಮೊದಲು ಜಾರುವ ವೇಗ ಅಳೆಯಿರಿ ಸರ್. ಭೂಮಿ ತಿರುಗುವುದರಿಂದ ಆಕಾಶದ ಸಂಕೇತಕ್ಕೆ ಆಗುವ ಜಾರಿಕೆ ಇಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 0.16 ಹರ್ಟ್ಸ್. ಹಲವು ಹರ್ಟ್ಸ್ ಇದ್ದರೆ ನನಗೆ ಅನುಮಾನ ಡಾಂಗಲ್‌ನ ಕ್ರಿಸ್ಟಲ್ (ಆವರ್ತನ ನಿಗದಿಸುವ ಹರಳು) ಮೇಲೆ. ಬಿಸಿಲಿಗೆ 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಪಾಲು) ಕದಲಿದರೂ 1420 ಹರ್ಟ್ಸ್ ಸರಿಯುತ್ತದೆ! ಟಿಸಿಎಕ್ಸ್‌ಒ (ತಾಪ ಬದಲಾದರೂ ಹೆಚ್ಚು ಕದಲದ ಕ್ರಿಸ್ಟಲ್) ಇರುವ ಡಾಂಗಲ್ ಹಾಕಿ, ನೆರಳಲ್ಲಿಡಿ, ಅರ್ಧ ಗಂಟೆ ಓಡಿದ ಮೇಲೆ ದಾಖಲಿಸಿ.

ಬಾಗೇಪಲ್ಲಿ: ನಕ್ಷತ್ರದತ್ತ 5 ನಿಮಿಷ, ಪಕ್ಕಕ್ಕೆ 5 ನಿಮಿಷ, ಹೀಗೆ ಮೂರು ಸಲ ತಿರುಗಿಸಿ. ಪಕ್ಕಕ್ಕಿದ್ದಾಗಲೂ ಗೆರೆ ಉಳಿದರೆ ಇಲ್ಲಿಯದೇ. 30 ಡಿಗ್ರಿಯಾದರೂ ಸರಿಸಿ, ಆ ಡಿಶ್‌ನ ನೋಟವೇ ಸುಮಾರು 15 ಡಿಗ್ರಿ ಅಗಲ.

ಚಿಂತಾಮಣಿ: ಎಲ್‌ಎನ್‌ಎ (ಕಡಿಮೆ ಗದ್ದಲದ ಸಂಕೇತ ವರ್ಧಕ) ಡಾಂಗಲ್ ಪಕ್ಕದಲ್ಲಿದೆ, ಪರವಾಗಿಲ್ಲವೇ?

ಗೌರಿಬಿದನೂರು: ಬೇಡ, ಡಿಶ್‌ನ ಫೀಡ್‌ಗೇ (ಡಿಶ್ ಮುಂದಿನ ಪುಟ್ಟ ಆಂಟೆನಾಗೆ) ಕಟ್ಟಿ. ಕೇಬಲ್‌ನಲ್ಲಿ ಕಳೆದ ಸಂಕೇತ ಆಮೇಲೆ ವರ್ಧಿಸಿದರೂ ಮರಳದು.