ಪದಚರ್ಚೆ: ‘ಸಸ್ಟೇನಬಿಲಿಟಿ’ಗೆ ಸುಸ್ಥಿರವೋ, ಬಾಳಿಕೆಯೋ, ಊರ್ಜಿತವೋ?

ಎಲ್ಲರಿಗೂ ನಮಸ್ಕಾರ.

ಆರೋಗ್ಯ ಕಾರ್ಯಕರ್ತೆಯರಿಗೆಂದು ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಬಡ ದೇಶಗಳಲ್ಲಿ ಆರೋಗ್ಯದ ಆ್ಯಪ್‌ಗಳು ಜೋರಾಗಿ ಶುರುವಾಗಿ ಆಮೇಲೆ ಯಾಕೆ ಸದ್ದಿಲ್ಲದೆ ನಿಂತುಹೋಗುತ್ತವೆ ಅನ್ನುವುದು ವಿಷಯ. ಮೊದಲ ಪುಟದಲ್ಲೇ ಸಿಕ್ಕಿಹಾಕಿಕೊಂಡೆ. ‘ಸಸ್ಟೇನಬಿಲಿಟಿ’ಗೆ, ಅಂದರೆ ಶುರು ಮಾಡಿದ್ದು ನಿಲ್ಲದೆ ಮುಂದುವರಿಯುವುದಕ್ಕೆ, ಕನ್ನಡದಲ್ಲಿ ಏನು ಹೇಳೋಣ?

‘ಸುಸ್ಥಿರ’ ಇದೆ, ಗೊತ್ತು. ಸುಸ್ಥಿರ ಅಭಿವೃದ್ಧಿ, ಸುಸ್ಥಿರ ಕೃಷಿ ಅಂತ ಪೇಪರಿನಲ್ಲಿ ದಿನಾ ಓದುತ್ತೇವೆ. ಆದರೆ ಸ್ಥಿರ ಅಂದರೆ ಅಲುಗಾಡದ್ದು ಅಲ್ವಾ? ಸಾಫ್ಟ್‌ವೇರ್ ಅಲುಗಾಡದೆ ಕೂತರೆ ಕೆಟ್ಟಿತು ಅಂತಲೇ ಲೆಕ್ಕ. ಅಪ್‌ಡೇಟ್ ಮಾಡಬೇಕು, ಸರ್ವರ್ ಬಾಡಿಗೆ ಕಟ್ಟಬೇಕು, ವರ್ಗವಾಗಿ ಬಂದ ನರ್ಸಿಗೆ ಮತ್ತೆ ಮೊದಲಿಂದ ಕಲಿಸಬೇಕು.

‘ಬಾಳಿಕೆ’ ನನಗೆ ಇಷ್ಟವಾದ ಪದ. ಚಪ್ಪಲಿ ಬಾಳಿಕೆ ಬಂತು, ಸೀರೆ ಬಾಳಿಕೆ ಬರಲಿಲ್ಲ ಅಂತೀವಲ್ಲ, ಹಾಗೆ. ತೊಡಕೂ ಅಲ್ಲೇ ಇದೆ. ಬಾಳಿಕೆ ವಸ್ತುವಿನ ಗುಣ. ಬರಲಿಲ್ಲ ಅಂದರೆ ತಪ್ಪು ವಸ್ತುವಿನ ತಲೆಗೇ ಬೀಳುತ್ತದೆ. ಉಗಾಂಡದ ಕತೆ ನೋಡಿ. ಹೊರಗಿನ ದುಡ್ಡಿನಲ್ಲಿ ಅಲ್ಲೊಂದು ಇಲ್ಲೊಂದು ಮೊಬೈಲ್ ಯೋಜನೆ ಶುರುವಾಗಿ, ಒಂದಕ್ಕೊಂದು ಸಂಬಂಧವೇ ಇಲ್ಲದಂತಾಯಿತು. ಕೊನೆಗೆ 2012ರ ಜನವರಿಯಲ್ಲಿ ಅಲ್ಲಿನ ಆರೋಗ್ಯ ಸಚಿವಾಲಯವೇ ತನ್ನ ಒಪ್ಪಿಗೆ ಸಿಗುವತನಕ ಎಲ್ಲ ನಿಲ್ಲಿಸಿ ಅಂತ ಹೇಳಬೇಕಾಯಿತು. ಅಲ್ಲಿ ಆ್ಯಪ್‌ಗಳೇನೂ ಚಪ್ಪಲಿಯ ಹಾಗೆ ಸವೆದಿರಲಿಲ್ಲ. ದುಡ್ಡು ಹಾಕಿದವರು ಹೊರಟ ಮೇಲೆ ನೋಡಿಕೊಳ್ಳುವವರು ಯಾರು ಅನ್ನುವುದೇ ಪ್ರಶ್ನೆ. (ಬರೀ ‘ಪೈಲಟ್’, ಅಂದರೆ ಪ್ರಾಯೋಗಿಕ ಯೋಜನೆಗಳನ್ನೇ ಒಂದಾದ ಮೇಲೊಂದು ಶುರುಮಾಡುವ ಈ ಚಾಳಿಗೆ ಇಂಗ್ಲಿಷಿನವರು ‘ಪೈಲಟೈಟಿಸ್’ ಅಂತ ಕಾಯಿಲೆಯ ಹೆಸರನ್ನೇ ಇಟ್ಟಿದ್ದಾರೆ. ನಾನು ಸುಮ್ನೆ ತಮಾಷೆಗೆ ‘ಪ್ರಯೋಗಬಾಕತನ’ ಅಂತ ಬರೆದುಕೊಂಡಿದ್ದೇನೆ, ಹೊಟ್ಟೆಬಾಕತನದ ಹಾಗೆ. ನಡೆಯುತ್ತಾ?)

ಉಳಿದುಕೊಂಡದ್ದೂ ಇದೆ. ಡಿಎಚ್‌ಐಎಸ್ ಅನ್ನುವ ಆರೋಗ್ಯ ಮಾಹಿತಿಯ ತಂತ್ರಾಂಶ 1990ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿತು. ಅದರ ಎರಡನೇ ರೂಪ 2006ರಲ್ಲಿ ಮೊದಲು ಬಳಕೆಗೆ ಬಂದದ್ದು ನಮ್ಮ ಪಕ್ಕದ ಕೇರಳದಲ್ಲಿ. ಈಗ ಓಸ್ಲೊ ವಿಶ್ವವಿದ್ಯಾಲಯ ಅದನ್ನು ಬೆಳೆಸುತ್ತಿದೆ, 70ಕ್ಕೂ ಜಾಸ್ತಿ ದೇಶಗಳಲ್ಲಿ ಓಡುತ್ತಿದೆ. ಕೋಡ್ ಎಲ್ಲರಿಗೂ ಮುಕ್ತ. ಜೊತೆಗೆ ಆಯಾ ದೇಶದಲ್ಲೇ ಅದನ್ನು ಬಿಚ್ಚಿ ತಿದ್ದಬಲ್ಲ ತಂಡಗಳು ಬೆಳೆದವು. ಇದನ್ನು ‘ಬಾಳಿಕೆ ಬಂತು’ ಅಂದರೆ ಆ ತಂಡಗಳ ದುಡಿಮೆಯೇ ಕಾಣುವುದಿಲ್ಲ.

ಕೈಪಿಡಿಗಾಗಿ ನಮ್ಮ ಕಡೆಯ ಒಂದು ಉಪಕೇಂದ್ರಕ್ಕೆ ಹೋಗಿದ್ದೆ. ಬೀರುವಿನಲ್ಲಿ ಹಳೇ ಟ್ಯಾಬ್ ಇತ್ತು. ಚಾರ್ಜರ್ ವಯರಿಗೆ ಬ್ಯಾಂಡೇಜ್ ಪ್ಲಾಸ್ಟರ್ ಸುತ್ತಿತ್ತು, ಮೇಲೆ ಅಂಗೈ ದಪ್ಪದ ರಿಜಿಸ್ಟರ್. ಯಾಕೆ ಬಳಸೋದಿಲ್ಲ ಅಂದೆ. ಸಿಸ್ಟರ್ ರಿಜಿಸ್ಟರಿನಿಂದ ತಲೆ ಎತ್ತದೆಯೇ, “ಅದು ಊರ್ಜಿತ ಆಗ್ಲಿಲ್ಲ ಬಿಡಿ” ಅಂದರು.

ಅಂದಿನಿಂದ ಈ ‘ಊರ್ಜಿತ’ ತಲೆಯಲ್ಲಿ ಕೂತಿದೆ. ಸಂಸ್ಕೃತದಲ್ಲಿ ಬಲವಾದದ್ದು ಅಂತ ಅರ್ಥ. ಕೋರ್ಟಿನವರಿಗೆ ಆದೇಶ ಊರ್ಜಿತ, ಅಂದರೆ ಜಾರಿಯಲ್ಲಿರುವುದು. ಮನೆಮಾತಿನಲ್ಲಿ ಮಾತ್ರ ಬೇರೂರಿ ಏಳಿಗೆಯಾಗುವುದು; ಅಂಗಡಿ ಊರ್ಜಿತ ಆಗಲಿಲ್ಲ ಅಂತೀವಿ. ನಾನು ಕೇಳಿದ್ದೆಲ್ಲ ಹೀಗೆ ‘ಆಗಲಿಲ್ಲ’ದ ಜೊತೆಗೇ. ‘ಊರ್ಜಿತ ಆಯ್ತು’ ಅಂತ ನಿಮ್ಮ ಕಡೆ ಸಹಜವಾಗಿ ಅಂತಾರಾ? ಇದಕ್ಕೆ ನಾಮಪದ ಮಾಡುವುದು ಹೇಗೆ? ‘ಊರ್ಜಿತಗೊಳಿಸು’ ಅಂದರೆ ನ್ಯಾಯಾಧೀಶರು ಎದ್ದು ಬಂದ ಹಾಗಾಗುತ್ತದೆ.

ಸದ್ಯಕ್ಕೆ ತಲೆಬರಹದಲ್ಲಿ ‘ನಡೆಸಿಕೊಂಡು ಹೋಗುವುದು’ ಅಂತ ಇಟ್ಟಿದ್ದೇನೆ. ಉದ್ದ ಆಯ್ತು, ಆದರೆ ನಡೆಸುವವರು ಯಾರು ಅಂತ ಓದಿದವರು ಕೇಳಿಯೇ ಕೇಳುತ್ತಾರೆ. ಧಾರವಾಡ, ಮಂಗಳೂರು ಕಡೆಯವರು ಏನಂತೀರಿ? ಅಚ್ಚಿಗೆ ಹೋಗಲು ಇನ್ನೂ ಹದಿನೈದು ದಿನ ಇದೆ.