ಸ್ಟೀಲ್ ಬೋಟಿಗೆ ಜಿಂಕ್ ಸ್ಪ್ರೇ: ನೀರಿನ ಅಡಿಗೂ ಬೇಕಾ?

ಮಲ್ಪೆಬೋಟು:
6 ಎಂಎಂ ಪ್ಲೇಟಿನ ಸ್ಟೀಲ್ ಟ್ರಾಲರ್. ಜೂನ್-ಜುಲೈ ಮೀನುಗಾರಿಕೆ ನಿಷೇಧದ 61 ದಿನದಲ್ಲಿ ಮೇಲೆ ಎಳೆದು ಕೆಲಸ ಮಾಡಿಸ್ಬೇಕು. ಡೆಕ್, ಬುಲ್ವರ್ಕ್ (ಡೆಕ್ ಸುತ್ತಿನ ಗೋಡೆ) ಅಂಚು, ನೀರಿನ ಗೆರೆಯ ಮೇಲಿನ ಪಟ್ಟಿಯಲ್ಲಿ ವರ್ಷವರ್ಷ ತುಕ್ಕು ಏಳ್ತದೆ. ರೆಡ್ ಆಕ್ಸೈಡ್, ಎನಾಮೆಲ್ ನಿಲ್ಲುವುದಿಲ್ಲ. ಇಡೀ ಹಲ್‌ಗೆ (ಬೋಟಿನ ಹೊರಮೈಗೆ) ಜಿಂಕ್ ಸ್ಪ್ರೇ, ಅಂದ್ರೆ ಜಿಂಕ್ ತಂತಿ ಕರಗಿಸಿ ಹೊಡೆಯುವುದು, ಮಾಡಿಸಿದರೆ ಪ್ರಯೋಜನ ಉಂಟಾ? ಅದರ ಮೇಲೆ ಯಾವ ಪೇಂಟ್?

ಆರ್ಕ್‌ಗನ್:
ಇಡೀ ಹಲ್‌ಗೆ ಬೇಡ ಅಣ್ಣ. ನೀರಿನ ಅಡಿಗೆ ದಪ್ಪ ಎಪಾಕ್ಸಿ, ಜೊತೆಗೆ ಜಿಂಕ್ ಅನೋಡ್ (ತಾನು ಕರಗಿ ಸ್ಟೀಲನ್ನು ಉಳಿಸುವ ಜಿಂಕ್ ಗಟ್ಟಿ) ಸಾಕು. ಅಲ್ಲಿ ಸ್ಪ್ರೇ ಮೇಲೆ ಪೇಂಟ್ ಹೊಡೆದರೆ, ಎಲ್ಲಾದರೂ ಪೇಂಟ್ ಕಿತ್ತ ಜಾಗದಿಂದ ಜಿಂಕ್ ಒಳಗೊಳಗೇ ಕರಗಿ ಗುಳ್ಳೆ ಏಳುವುದುಂಟು. ಅನೋಡ್ ಕೆಲಸ ಮಾಡುವುದು ನೀರಲ್ಲಿ ಮುಳುಗಿದ ಭಾಗಕ್ಕೆ ಮಾತ್ರ. ಡೆಕ್ಕಿಗೆ, ಬುಲ್ವರ್ಕಿಗೆ, ಅಲೆ ಹೊಡೆಯುವ ಪಟ್ಟಿಗೆ ಅದರ ರಕ್ಷಣೆ ತಲುಪುವುದಿಲ್ಲ. ಸ್ಪ್ರೇಗೆ ಹಾಕುವ ದುಡ್ಡನ್ನು ಅಲ್ಲಿಗೇ ಹಾಕಿ.

ಮೊದಲು ಸಿಹಿನೀರಿನಲ್ಲಿ ಪ್ರೆಶರ್ ವಾಶ್. ಉಪ್ಪು ಉಳಿದರೆ ಬ್ಲಾಸ್ಟಿಂಗ್ (ಗಾಳಿಯ ಒತ್ತಡದಲ್ಲಿ ಒರಟು ಕಾಳು ಹೊಡೆದು ತುಕ್ಕು ತೆಗೆಯುವುದು) ಅದನ್ನು ಪ್ಲೇಟಿನ ಗುಳಿಗಳ ಒಳಗೇ ಕೂರಿಸ್ತದೆ. ಚೂಪು ಅಂಚನ್ನೆಲ್ಲ 2 ಎಂಎಂ ರೇಡಿಯಸ್‌ಗೆ ಗ್ರೈಂಡ್ ಮಾಡಿ, ಚೂಪಿನ ಮೇಲೆ ಯಾವ ಪದರವೂ ತೆಳುವಾಗಿಯೇ ಕೂರುವುದು. ಆಮೇಲೆ ಎಸ್ಎ 2.5 ಮಟ್ಟದ (ತುಕ್ಕು, ಪೇಂಟ್ ಹೆಚ್ಚುಕಡಿಮೆ ಪೂರ್ತಿ ಹೋಗುವಷ್ಟು) ಬ್ಲಾಸ್ಟಿಂಗ್, 75ರಿಂದ 100 ಮೈಕ್ರಾನ್ ಒರಟು. ವೈರ್ ಬ್ರಶ್‌ನಲ್ಲಿ ಹೊಳೆಯುವ ಹಾಗೆ ಉಜ್ಜಿದ ಪ್ಲೇಟಿಗೆ ಜಿಂಕ್ ಹಿಡಿಯುವುದೇ ಇಲ್ಲ, ಹಾಳೆಯ ಹಾಗೆ ಬಿಡಿಸಿಕೊಳ್ತದೆ. ಕಡಲ ಮರಳಿನಲ್ಲಿ ಬ್ಲಾಸ್ಟಿಂಗ್ ಖಂಡಿತ ಬೇಡ: ಉಪ್ಪೂ ಬರ್ತದೆ, ಕೆಲಸದವರ ಶ್ವಾಸಕೋಶವೂ ಹೋಗ್ತದೆ.

ಜಿಂಕ್ 150 ಮೈಕ್ರಾನ್, ಒಂದು ಸಲ ಅಡ್ಡ, ಒಂದು ಸಲ ಉದ್ದ. ಪ್ಲೇಟಿನ ಮೇಲೆ ನಿಲ್ಲುವುದೇ ಚದರ ಮೀಟರಿಗೆ 1.07 ಕೆಜಿ. ಗಾಳಿಗೆ ಹೋಗುವುದೂ ಸೇರಿ ಒಂದೂವರೆಯಿಂದ ಎರಡು ಕೆಜಿ ತಂತಿ ಲೆಕ್ಕ ಹಾಕಿ.

ಸ್ಪ್ರೇ ಮಾಡಿದ ಜಿಂಕಿನ ಮೈಯೆಲ್ಲ ಸಣ್ಣ ರಂಧ್ರ. ದಪ್ಪ ಪೇಂಟ್ ನೇರ ಹೊಡೆದರೆ ಒಳಗಿನ ಗಾಳಿ ಗುಳ್ಳೆಯಾಗಿ ಹೊರಬರ್ತದೆ. ಅದಕ್ಕೆ ಮೊದಲು ಥಿನ್ನರ್ ಹಾಕಿ ತೆಳು ಮಾಡಿದ ಎಪಾಕ್ಸಿ ಸೀಲರ್, ಆಮೇಲೆ ಎಪಾಕ್ಸಿ, ಕೊನೆಗೆ ಬಿಸಿಲು ತಡೆಯುವ ಪಿಯು (ಪಾಲಿಯುರೆಥೇನ್) ಪೇಂಟ್. ಎನಾಮೆಲ್ ಹಾಕಲೇಬೇಡಿ. ಅದರ ಎಣ್ಣೆ ಜಿಂಕ್ ಜೊತೆ ಸೇರಿ ಸಾಬೂನಿನಂಥ ಪದರವಾಗಿ ಪೇಂಟ್ ಪೂರ್ತಿ ಏಳ್ತದೆ.

ಅಳಿವೆಬಾಗಿಲು:
ಎಲ್ಲ ಸರಿ, ಆದರೆ ಜೂನ್-ಜುಲೈ ಅಂದ್ರಲ್ಲ, ಅದೇ ದೊಡ್ಡ ತೊಡಕು ಮಾರಾಯ್ರೆ. ಗಾಳಿಯ ತೇವ ಶೇ. 85 ಮೀರಬಾರದು, ಪ್ಲೇಟಿನ ಬಿಸಿ ಇಬ್ಬನಿ ಕಟ್ಟುವ ಉಷ್ಣಾಂಶಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ನಮ್ಮ ಮಳೆಗಾಲದಲ್ಲಿ ಬಯಲಲ್ಲಿ ಇದು ಸಿಗುವುದಿಲ್ಲ. ಬ್ಲಾಸ್ಟ್ ಮಾಡಿದ ಪ್ಲೇಟಿಗೆ 4 ಗಂಟೆಯೊಳಗೆ ಜಿಂಕ್ ಬೀಳಬೇಕು. ಕೆಂಪು ತಿರುಗಿದರೆ ಗಂಟೆ ಲೆಕ್ಕ ಬಿಟ್ಟು ಮತ್ತೆ ಬ್ಲಾಸ್ಟ್ ಮಾಡಿ.

ಮಲ್ಪೆಬೋಟು:
ಬೇರೆ ತಿಂಗಳಲ್ಲಿ ಬೋಟು ನಿಲ್ಲಿಸ್ಲಿಕ್ಕೆ ಆಗುವುದಿಲ್ಲ. ಏನು ಮಾಡುವುದು?

ಅಳಿವೆಬಾಗಿಲು:
ಸುತ್ತ ಟಾರ್ಪಾಲ್ ಕಟ್ಟಿ ಒಳಗೆ ಡಿಹ್ಯೂಮಿಡಿಫೈಯರ್ ಇಟ್ಟು, ತುಂಡು ತುಂಡಾಗಿ ಮುಗಿಸಬಹುದು. ಅದಕ್ಕೆ ಬಜೆಟ್ ಇಲ್ಲದಿದ್ದರೆ ಈ ವರ್ಷ ಸ್ಪ್ರೇ ಬಿಟ್ಟು, ತೇವ ಸಹಿಸುವ ಎಪಾಕ್ಸಿ ಮಾಸ್ಟಿಕ್ ಹಾಕಿ. ಒದ್ದೆ ಪ್ಲೇಟಿನ ಮೇಲಿನ ಜಿಂಕಿಗಿಂತ ಅದು ಎಷ್ಟೋ ಮೇಲು.

ಆರ್ಕ್‌ಗನ್:
ಟಾರ್ಪಾಲ್ ಒಳಗೆ ಜಿಂಕ್ ಹೊಡೆಯುವವರಿಗೆ ಹೊರಗಿನ ಗಾಳಿ ಕೊಡುವ ಮಾಸ್ಕ್ ಬೇಕೇ ಬೇಕು, ಆ ಹೊಗೆಗೆ ರಾತ್ರಿ ಜ್ವರ ಬರ್ತದೆ. ಇನ್ನೊಂದು: ನೀರಿನ ಅಡಿಯ ಭಾಗಕ್ಕೆ ಹಾಕುವ ತಾಮ್ರದ ಆಂಟಿಫೌಲಿಂಗ್ (ಚಿಪ್ಪು, ಪಾಚಿ ಹಿಡಿಯದ ಹಾಗೆ ಮಾಡುವ ಪೇಂಟ್) ಬರಿಯ ಜಿಂಕಿಗೆ ತಾಗಿದರೆ ಜಿಂಕ್ ಕರಗ್ತದೆ, ನಡುವೆ ಎಪಾಕ್ಸಿ ಇರಲಿ. ಅನೋಡ್ ಮೇಲೆ ಮಾತ್ರ ಪೇಂಟ್ ತಾಗಿಸಬೇಡಿ. ಬೋಟು ನೀರಿಗಿಳಿದ ಮೇಲೆ ಸಿಲ್ವರ್ ಕ್ಲೋರೈಡ್ ಎಲೆಕ್ಟ್ರೋಡನ್ನು ನೀರಿಗೆ ಬಿಟ್ಟು, ಅದಕ್ಕೂ ಬೋಟಿನ ಸ್ಟೀಲಿಗೂ ನಡುವಿನ ವೋಲ್ಟೇಜ್ ಮಲ್ಟಿಮೀಟರಿನಲ್ಲಿ ನೋಡಿ. ಮೈನಸ್ 0.80ರಿಂದ 1.05 ವೋಲ್ಟ್ ಒಳಗಿದ್ದರೆ ಅನೋಡ್ ಸಾಲ್ತದೆ. ಮೈನಸ್ 0.65ರ ಹತ್ತಿರ ತೋರಿಸಿದರೆ ಇನ್ನೂ ಅನೋಡ್ ಸೇರಿಸಿ, ಇಲ್ಲವೇ ಅದರ ವೆಲ್ಡಿಂಗ್ ಬಿಟ್ಟಿದೆಯಾ ನೋಡಿ.