ಸ್ಪ್ಯಾನಿಷ್ ಶುರು ಮಾಡಿ ಮೂರು ತಿಂಗಳು, ಮಾರ್ಕೆಟ್ಟಲ್ಲಿ ಬಾಯೇ ಬರ್ತಿಲ್ಲ

ಹೊಸಬಳು_ವಲೆನ್ಸಿಯಾ:
ಎಲ್ರಿಗೂ ನಮಸ್ಕಾರ. ಮನೆಯವರ ಕೆಲಸಕ್ಕೋಸ್ಕರ ಸ್ಪೇನಿನ ವಲೆನ್ಸಿಯಾಗೆ ಬಂದು ಎರಡು ತಿಂಗಳಾಯ್ತು, ಬರೋಕ್ ಒಂದ್ ತಿಂಗಳು ಮುಂಚೆಯಿಂದ್ಲೇ ಫೋನಲ್ಲಿ ಒಂದು ಆ್ಯಪ್ ಹಾಕ್ಕೊಂಡು ದಿನಾ ಅರ್ಧ ಗಂಟೆ ಕಲೀತಿದೀನಿ, ಒಂದಿನಾನೂ ತಪ್ಸಿಲ್ಲ. ಆದ್ರೂ ಮೊನ್ನೆ ಮೆರ್ಕಾದೊ ಸೆಂತ್ರಾಲ್‌ಗೆ ತರಕಾರಿಗೆ ಹೋದಾಗ ಅಂಗಡಿಯಮ್ಮ "ಕೆ ತೆ ಪೋಂಗೊ?" ಅಂದ್ರು, ಏನೂ ತೋಚದೆ ನಿಂತ್ಬಿಟ್ಟೆ, ಹಿಂದೆ ಜನ ಬೇರೆ ಇದ್ರು. ಮನೆಗ್ ಬಂದು ಡಿಕ್ಷನರಿ ನೋಡಿದ್ರೆ ಪೋಂಗೊ ಅಂದ್ರೆ 'ಇಡ್ತೀನಿ' ಅಂತಿದೆ. ಏನನ್ನ ಇಡೋದು? ಇನ್ನೊಂದು, 'ಮೆ ಗುಸ್ತಾ ಎಲ್ ಕಫೆ'ನ ಆ್ಯಪ್‌ನಲ್ಲಿ ಇಂಗ್ಲಿಷ್ ಮೂಲಕ ಹೇಳ್ಕೊಡ್ತಾರೆ, ನಾನು ಪ್ರತಿ ಸಲ 'ಯೋ ಗುಸ್ತೊ' (ಯೋ ಅಂದ್ರೆ ನಾನು) ಅಂತಾನೇ ಬರ್ದು ತಪ್ಪು ಮಾಡ್ತೀನಿ. ಹೇಗ್ ಮುಂದುವರೀಲಿ?

ಆರು_ವರ್ಷ_ಸ್ಪೇನ್:
ಮೊದಲು ಇಂಗ್ಲಿಷ್ ಪಕ್ಕಕ್ಕಿಡಿ, ಕನ್ನಡದಲ್ಲಿ ಯೋಚ್ನೆ ಮಾಡಿ. ಊರಲ್ಲಿ ತರಕಾರಿಯವ್ರು ತಕ್ಕಡಿ ಹಿಡ್ಕೊಂಡು ಏನ್ ಕೇಳ್ತಾರೆ? "ಏನ್ ಹಾಕ್ಲಿ ಅಕ್ಕಾ?" ಕೆ ತೆ ಪೋಂಗೊ ಅಂದ್ರೆ ಅದೇ, ತೆ ಅಂದ್ರೆ 'ನಿಂಗೆ'. ನೀವು "ಮೆ ಪೋನೆಸ್ ಮೇದ್ಯೊ ಕಿಲೊ ದೆ ತೊಮಾತೆಸ್" ಅನ್ನಿ, ನಂಗೆ ಅರ್ಧ ಕೆಜಿ ಟೊಮೇಟೊ ಹಾಕು ಅಂತ.
ಮೆ ಗುಸ್ತಾನೂ ಅಷ್ಟೆ, 'ನಂಗೆ ಕಾಫಿ ಇಷ್ಟ', ಕನ್ನಡದಲ್ಲೂ 'ನಾನು' ಎಲ್ಲಿದೆ ಹೇಳಿ? ತಲೆನೋವು ಬಂದ್ರೆ 'ಮೆ ದುವೇಲೆ ಲಾ ಕಾಬೆಸಾ', ನಂಗೆ ತಲೆ ನೋಯ್ತಿದೆ. ಒಂದು ನೆನಪಿರ್ಲಿ, ಇಷ್ಟವಾದ ವಸ್ತು ಒಂದಕ್ಕಿಂತ ಜಾಸ್ತಿ ಇದ್ರೆ ಗುಸ್ತಾ ಹೋಗಿ ಗುಸ್ತಾನ್ ಆಗತ್ತೆ. ತೂ ಮತ್ತೆ ಉಸ್ತೇದ್ ಅಂದ್ರೆ ನಮ್ಮ ನೀನು, ನೀವು, ಆದ್ರೆ ಸ್ಪೇನಲ್ಲಿ ತೂ ಬಹಳ ಸಲೀಸಾಗಿ ಬಳಸ್ತಾರೆ, ಅಂಗಡಿಯಮ್ಮ ಏಕವಚನದಲ್ಲಿ ಮಾತಾಡಿದ್ರು ಅಂತ ಬೇಜಾರ್ ಮಾಡ್ಕೋಬೇಡಿ.

ಉಚ್ಚಾರ_ಮುಖ್ಯ:
ಉಚ್ಚಾರಣೆಗೂ ಕನ್ನಡಾನೇ ಸಾಕು. ತ, ದ ಎರಡೂ ನಮ್ಮ ಥರ ಹಲ್ಲಿಗೆ ನಾಲಿಗೆ ತಾಗ್ಸಿ ಹೇಳೋದು, ಇಂಗ್ಲಿಷ್ ಅಭ್ಯಾಸದಲ್ಲಿ 'ಟೊಮಾಟೆ' ಅನ್ಬೇಡಿ. ಪೇರೊ ಅಂದ್ರೆ ಆದ್ರೆ, ಪೆರ್ರೊ ಅಂದ್ರೆ ನಾಯಿ, ಎರಡನೇದಕ್ಕೆ 'ಕರ್ರಗೆ' ಅನ್ನುವಾಗ ನಾಲಿಗೆ ಅದುರತ್ತಲ್ಲ ಅಷ್ಟು ಒತ್ತಿ. ಎನ್ ಮೇಲೆ ಅಲೆ ಥರ ಗೆರೆ ಇರೋ ಅಕ್ಷರ ನಮ್ಮ ಞ, ವರ್ಣಮಾಲೆ ಚಾರ್ಟ್ ಬಿಟ್ರೆ ಒಂಟಿಯಾಗಿ ಬಳಸೋದೇ ಅಪರೂಪವಾಗಿದ್ದ ಅಕ್ಷರ ಇಲ್ಲಿ ದಿನಾ ಬೇಕು: 'ತೆಂಗೊ ತ್ರೇಯಿಂತಾ ಆಞೋಸ್', ನಂಗೆ ಮೂವತ್ತು ವರ್ಷ. ಇಲ್ಲಿ ಞ ಬದ್ಲು ನ ಅಂದ್ರೆ ಅರ್ಥ ಕೆಟ್ಟದಾಗತ್ತೆ, ಹುಷಾರು.

ಲಿಂಗದ_ಕಷ್ಟ:
ಮೇಲಿನವ್ರು ಹೇಳಿದ್ದು ನಿಜ, ಆದ್ರೆ ಕನ್ನಡ ಎಲ್ಲಾ ಕಡೆ ಕೈ ಹಿಡಿಯಲ್ಲ. ನಮ್ಮಲ್ಲಿ ಮೇಜು ಕುರ್ಚಿ ಎಲ್ಲಾ 'ಅದು', ಅಲ್ಲಿ ಮೇಜು ಹೆಣ್ಣು, ಲಾ ಮೇಸಾ. ಕೊನೇಲಿ ಆ ಬಂದ್ರೆ ಹೆಣ್ಣು ಅಂತ ನಂಬ್ಕೊಂಡ್ರೆ ಎಲ್ ದೀಆ (ದಿನ), ಎಲ್ ಪ್ರೊಬ್ಲೇಮಾ (ಸಮಸ್ಯೆ) ಎರಡೂ ಗಂಡು, ಕೊನೇಲಿ ಒ ಬರೋ ಲಾ ಮಾನೊ (ಕೈ) ನೋಡಿದ್ರೆ ಹೆಣ್ಣು. ಅದಕ್ಕೇ ಯಾವ ಪದಾನೂ ಒಂಟಿಯಾಗಿ ಕಲೀಬೇಡಿ, ಎಲ್ ಅಥವಾ ಲಾ ಸೇರ್ಸೇ ಬಾಯಿಪಾಠ ಮಾಡಿ. ಹಸಿವಿಗೂ 'ನಂಗೆ' ನಡೆಯಲ್ಲ, 'ತೆಂಗೊ ಆಂಬ್ರೆ', ಹಸಿವು ನನ್ನತ್ರ ಇದೆ ಅನ್ನೋ ಥರ. ಇನ್ನು ಸೇರ್, ಎಸ್ತಾರ್, ಎರಡಕ್ಕೂ 'ಇರು' ಅಂತಾನೇ ಅರ್ಥ, ನನ್ನನ್ನ ಒಂದು ವರ್ಷ ಕಾಡಿದ್ವು, 'ಎಸ್ತೊಯ್ ಅಬುರ್ರೀದಾ' ಅಂದ್ರೆ ನಂಗೆ ಬೋರಾಗಿದೆ, 'ಸೊಯ್ ಅಬುರ್ರೀದಾ' ಅಂದ್ರೆ ನಾನೇ ಬೋರ್ ಹೊಡ್ಸೋಳು. ಆಗ್ತದೆ, ಸಮಯ ಕೊಡಿ. ಸರ್ಕಾರಿ ಭಾಷಾ ಶಾಲೆ ಇದೆ, ಎಸ್ಕುವೇಲಾ ಒಫಿಸಿಯಾಲ್ ದೆ ಇದಿಯೋಮಾಸ್ ಅಂತ, ವಿಚಾರಿಸಿ.

ಹೊಸಬಳು_ವಲೆನ್ಸಿಯಾ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಶನಿವಾರ ಮತ್ತೆ ಅದೇ ಅಂಗಡಿಗೆ ಹೋಗಿದ್ದೆ. ಇಲ್ಲಿ ಸಾಲು ಕಾಣಲ್ಲ, ಬಂದವ್ರು "ಎಲ್ ಉಲ್ತಿಮೊ?" ಅಂತ ಕೊನೆಯವ್ರು ಯಾರು ಅಂತ ಕೇಳ್ಬೇಕು, ಕೇಳ್ದೆ, ಒಬ್ಬ ಅಜ್ಜ ಕೈಯೆತ್ತಿದ್ರು. ನನ್ ಸರದಿ ಬಂದಾಗ 'ಏನ್ ಹಾಕ್ಲಿ' ಅಂತಾನೇ ಕೇಳಿಸ್ತು ನಂಗೆ! ಟೊಮೇಟೊ ಹೇಳ್ದೆ, "ಆಲ್ಗೊ ಮಾಸ್?" ಅಂದ್ರು, ಇನ್ನೇನಾದ್ರೂ ಬೇಕಾ ಅಂತ, ಈರುಳ್ಳಿನೂ ಹೇಳ್ದೆ. ಕೊನೇಲಿ ಒಂದು ಹಿಡಿ ಪೆರೆಹೀಲ್ (ಪಾರ್ಸ್ಲಿ) ಸೊಪ್ಪು ದುಡ್ಡಿಲ್ದೇ ಚೀಲಕ್ಕೆ ಹಾಕಿದ್ರು, ನಮ್ಮಲ್ಲಿ ಕರಿಬೇವು ಹಾಕ್ತಾರಲ್ಲ ಹಾಗೆ. ಈ ವಾರ ಭೂತಕಾಲ ಶುರು ಮಾಡ್ತಿದೀನಿ, ಎರಡು ಥರ ಇದೆಯಂತೆ, ಸಿಕ್ಕಾಕ್ಕೊಂಡ್ರೆ ಇಲ್ಲೇ ಕೇಳ್ತೀನಿ.